ಸೋತ ಮೇಲೆ ಆಟ ನಮ್ಮನ್ನು ಹೇಗೆ ನಡೆಸಿಕೊಳ್ಳುತ್ತದೆ?

(ರಾಯಚೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಪಾಲಕರ ಎದುರು ಆಡಿದ ಮಾತುಗಳ ಬರಹ ರೂಪ)

ವಿಡಿಯೋ ಗೇಮ್ ಆಡುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ, ಯಾವ ಗೇಮ್ ಎಂದು ನಾನು ತಿರುಗಿ ಕೇಳುತ್ತೇನೆ. ಟೆಟ್ರಿಸ್ಸನ್ನೂ ದುಡ್ಡು ಕಟ್ಟಿ ಆಡುವ ರಮ್ಮಿಯನ್ನೂ ಒಂದೇ ಹೆಸರಿನಲ್ಲಿ ಕರೆದರೆ ಮಾತು ಮುಂದೆ ಹೋಗುವುದಿಲ್ಲ. ಅದಕ್ಕೇ ಇವತ್ತು ನಾನು ಆಡಿದ ಆಟಗಳ ಹೆಸರು ಹಿಡಿದೇ ಮಾತಾಡುತ್ತೇನೆ. ಸೇರಿದ್ದನ್ನು ಸೇರಿತು ಅನ್ನುತ್ತೇನೆ, ಸೇರದ್ದನ್ನು ಸೇರಲಿಲ್ಲ ಅನ್ನುತ್ತೇನೆ. ನೀವು ಒಪ್ಪಲೇಬೇಕೆಂದೇನೂ ಇಲ್ಲ. ನಾನು ಗೇಮ್ ಮಾಡುವವನಲ್ಲ, ಗಂಜಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಆದರೆ ಚಿಕ್ಕಂದಿನಿಂದ ಇವತ್ತಿನವರೆಗೆ ಆಡುವುದನ್ನು ಬಿಟ್ಟಿಲ್ಲ.

ನನ್ನ ಹತ್ತಿರ ಇರುವುದು ಒಂದೇ ಅಳತೆ. ಗೆದ್ದಾಗ ಎಲ್ಲ ಆಟಗಳೂ ಚೆನ್ನಾಗಿಯೇ ಇರುತ್ತವೆ. ಸದ್ದು ಮಾಡುತ್ತವೆ, ಬಣ್ಣ ಎರಚುತ್ತವೆ, ಶಹಬ್ಬಾಸ್ ಅನ್ನುತ್ತವೆ. ಆಟದ ಗುಣ ತಿಳಿಯುವುದು ಸೋತಾಗ. ಸೋತ ಮರುಕ್ಷಣ ಅದು ನನ್ನ ಮುಂದೆ ಏನು ಇಡುತ್ತದೆ? ಎಲ್ಲಿ ತಪ್ಪಿತು ಎಂದು ಕಾಣುವ ಹಾಗೆ ಮಾಡಿ ಮತ್ತೆ ಆಡಲು ಬಿಡುತ್ತದೆಯೋ, ಅಥವಾ ಸೋತ ಬೇಸರವನ್ನೇ ಹಿಡಿದುಕೊಂಡು ನನ್ನ ಜೇಬಿಗೆ ಕೈ ಹಾಕುತ್ತದೆಯೋ? ಇಷ್ಟು ನೋಡಿದರೆ ಸಾಕು, ಆ ಆಟ ಮಾಡಿದವರು ನನ್ನನ್ನು ಏನೆಂದು ತಿಳಿದಿದ್ದಾರೆ ಎಂಬುದು ಗೊತ್ತಾಗುತ್ತದೆ.

ಇಲ್ಲಿ ಕೂತ ಪಾಲಕರಲ್ಲಿ ಕೆಲವರಿಗಾದರೂ ಟಿವಿಗೆ ಹಚ್ಚಿ ಆಡುತ್ತಿದ್ದ ವಿಡಿಯೋ ಗೇಮ್ ನೆನಪಿರಬೇಕು. ಕ್ಯಾಸೆಟ್ಟಿನ ಮೇಲೆ ಸಾವಿರಗಟ್ಟಲೆ ಆಟ ಎಂದು ಬರೆದಿರುತ್ತಿತ್ತು, ಒಳಗಿರುತ್ತಿದ್ದದ್ದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಬಹಳಷ್ಟು ಯಂತ್ರಗಳು ಜಪಾನಿನ ನಿಂಟೆಂಡೊ ಯಂತ್ರದ ನಕಲುಗಳು. ಮಾರಿಯೊ ನಮ್ಮ ಮನೆಗಳಿಗೆ ಬಂದದ್ದು ಹಾಗೆ. 1985ರ ಆಟ ಅದು, ಮಾಡಿದವರ ಪೈಕಿ ಮುಖ್ಯರು ಶಿಗೆರು ಮಿಯಾಮೊಟೊ. ಅದರ ಮೊದಲ ಲೆವೆಲ್ಲಿನ ಮೊದಲ ಪರದೆಯನ್ನು ನಾನು ಇವತ್ತಿಗೂ ಕೂತು ನೋಡುತ್ತೇನೆ. ಒಂದೇ ಒಂದು ಅಕ್ಷರ ಬರೆಯದೆ ಅದು ಎಷ್ಟು ಕಲಿಸುತ್ತದೆ ನೋಡ್ರಿ. ಎಡಗಡೆ ಹೋಗಲು ಜಾಗವಿಲ್ಲ, ಬಲಗಡೆ ಬಯಲಿದೆ, ಅಂದರೆ ಬಲಕ್ಕೆ ನಡೆ. ಎದುರಿನಿಂದ ಅಣಬೆಯಂಥ ಶತ್ರು ಬರುತ್ತದೆ. ಏನೂ ಮಾಡದಿದ್ದರೆ ಸಾಯುತ್ತೀರಿ. ಆದರೆ ಆಟ ಶುರುವಾಗಿ ಕೆಲವೇ ಕ್ಷಣವಾಗಿರುತ್ತದೆ, ಕಳೆದುಕೊಂಡದ್ದು ಏನೂ ಇಲ್ಲ. ಎರಡನೇ ಸಲ ಜಿಗಿಯುತ್ತೀರಿ. ಜಿಗಿದಾಗ ತಲೆಯ ಮೇಲಿನ ಪೆಟ್ಟಿಗೆಗೆ ಬಡಿದು ನಿಜವಾದ ಅಣಬೆ ಹೊರಬರುತ್ತದೆ. ಅದು ಮುಂದೆ ಹೋಗಿ ಪೈಪಿಗೆ ತಾಗಿ ನಿಮ್ಮತ್ತಲೇ ತಿರುಗುತ್ತದೆ. ಅದನ್ನೂ ಶತ್ರು ಎಂದು ಹೆದರಿ ತಪ್ಪಿಸಿಕೊಳ್ಳಲು ಜಿಗಿದರೆ ಮೇಲಿನ ಇಟ್ಟಿಗೆಗೆ ತಲೆ ತಾಗಿ ಅದರ ಮೇಲೇ ಬೀಳುವ ಸಂಭವವೇ ಹೆಚ್ಚು, ಹಾಗೆ ಬಿದ್ದಾಗ ದೊಡ್ಡವರಾಗುತ್ತೀರಿ. ಇದನ್ನು ಬೇಕೆಂದೇ ಹೀಗೆ ಜೋಡಿಸಿದ್ದು ಎಂದು ಮಿಯಾಮೊಟೊ ಆಮೇಲೆ ವಿವರಿಸಿದ್ದಾರೆ. ಓದು ಬರಹ ಬಾರದ ಮಗುವೂ, ಇಂಗ್ಲಿಷಿನ ಗಂಧವಿಲ್ಲದ ನಮ್ಮಂಥವರೂ ಆ ಆಟ ಕಲಿತದ್ದು ಇದರಿಂದಲೇ. ಈಗಿನ ಎಷ್ಟೋ ಆಟಗಳು ಮೊದಲ ಅರ್ಧ ತಾಸು ಬಾಣದ ಗುರುತು ತೋರಿಸಿ ಇಲ್ಲಿ ಒತ್ತು, ಅಲ್ಲಿ ಒತ್ತು ಅನ್ನುತ್ತವೆ. ಆ ಅರ್ಧ ತಾಸು ನನಗೆ ಸಹಿಸಲು ಆಗುವುದಿಲ್ಲ.

ಅದೇ ಕ್ಯಾಸೆಟ್ಟುಗಳಲ್ಲಿ ಕಾಂಟ್ರಾ ಇತ್ತು. ಇಬ್ಬರು ಕೂಡಿ ಆಡುವ, ಒಂದು ಗುಂಡು ತಾಗಿದರೆ ಸಾಯುವ ಆಟ. ಮೂರೇ ಲೈಫು. ಅಣ್ಣ ತಮ್ಮಂದಿರ ಜಗಳಕ್ಕೆ ಅದು ಕಾರಣವಾಗುತ್ತಿತ್ತು, ಯಾಕೆಂದರೆ ಒಬ್ಬನ ಲೈಫು ಮುಗಿದರೆ ಇನ್ನೊಬ್ಬನ ಲೈಫು ಎತ್ತಿಕೊಳ್ಳಬಹುದಿತ್ತು. ಈ ಆಟದ ಅಮೆರಿಕದ ಆವೃತ್ತಿಯಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಎಂದು ಒತ್ತಿದರೆ 30 ಲೈಫು ಸಿಗುತ್ತಿದ್ದವು. ಆ ಕೋಡಿನ ಹುಟ್ಟು ನನಗೆ ಬಹಳ ಇಷ್ಟದ ಸಂಗತಿ. ಜಪಾನಿನ ಗೇಮ್ ಕಂಪನಿ ಕೊನಾಮಿಯ ಕಜುಹಿಸಾ ಹಶಿಮೊಟೊ 1986ರಲ್ಲಿ ಗ್ರೇಡಿಯಸ್ ಎಂಬ ಆಟವನ್ನು ಮನೆಯ ಯಂತ್ರಕ್ಕೆ ಅಳವಡಿಸುತ್ತಿದ್ದರು. ಪರೀಕ್ಷೆ ಮಾಡಿ ನೋಡಲು ಅವರಿಗೇ ಅದು ಕಷ್ಟವಾಯಿತು, ತಮಗಾಗಿ ಈ ಕೋಡು ಹಾಕಿಕೊಂಡರು, ಅದು ಆಟದಲ್ಲೇ ಉಳಿಯಿತು. ಮಾಡಿದವರಿಗೇ ಕಷ್ಟವಾದ ಆಟಕ್ಕೆ ಅವರೇ ಒಂದು ಬಾಗಿಲು ಇಟ್ಟರು, ಅದಕ್ಕೆ ದುಡ್ಡು ಕೇಳಲಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಟೆಟ್ರಿಸ್ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು. ನಾನು ಆಡಿದ ಆಟಗಳಲ್ಲಿ ಅದರಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೊವ್ ಮಾಡಿದರು. ಮೇಲಿನಿಂದ ಬೀಳುವ ತುಂಡುಗಳನ್ನು ಸಂದಿಲ್ಲದ ಹಾಗೆ ಸಾಲು ಜೋಡಿಸುವ ಆಟ. ಅದರಲ್ಲಿ ಕಥೆಯಿಲ್ಲ, ಶತ್ರುವಿಲ್ಲ, ಕೊನೆಯಿಲ್ಲ. ಸೋಲು ಮಾತ್ರ ಖಾತ್ರಿ. ಆದರೂ ಸೋತಾಗ ಇಡೀ ಪರದೆ ನಿಮ್ಮ ತಪ್ಪುಗಳ ರಾಶಿಯಾಗಿ ಕಣ್ಣಮುಂದೆ ನಿಂತಿರುತ್ತದೆ. ಯಾವ ತುಂಡನ್ನು ಎಲ್ಲಿ ತಪ್ಪಾಗಿ ಇಟ್ಟಿರಿ ಎಂದು ಬೆರಳಿಟ್ಟು ತೋರಿಸಬಹುದು. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಒಬ್ಬ ಹುಡುಗ ನಿಂಟೆಂಡೊ ಟೆಟ್ರಿಸ್ಸನ್ನು 157ನೇ ಲೆವೆಲ್ಲಿನವರೆಗೆ ಆಡಿ, ಆಟವೇ ನಿಂತುಹೋಗುವ ಹಾಗೆ ಮಾಡಿದ. ಅಷ್ಟು ದೂರ ಯಾರಾದರೂ ಬರುತ್ತಾರೆಂದು ಆ ಪ್ರೋಗ್ರಾಮ್ ಬರೆದವರು ಅಂದುಕೊಂಡಿರಲಿಲ್ಲ. ಕಲಿಯಲು ಬಿಡುವ ಆಟ ಮನುಷ್ಯನನ್ನು ಎಲ್ಲಿಗೆ ಒಯ್ಯುತ್ತದೆ ಎನ್ನುವುದಕ್ಕೆ ನನಗೆ ಇಷ್ಟು ಸಾಕು.

ಕಂಪ್ಯೂಟರಿನಲ್ಲಿ ನಾನು ಮೊದಲು ಆಡಿದ್ದು ಪ್ರಿನ್ಸ್ ಆಫ್ ಪರ್ಷಿಯಾ. 1989ರದು. ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಜಿಗಿಸಿ, ಅದನ್ನು ವಿಡಿಯೋ ಮಾಡಿಕೊಂಡು, ಒಂದೊಂದು ಭಂಗಿಯನ್ನೂ ತಿದ್ದಿ ಆ ರಾಜಕುಮಾರನನ್ನು ಮಾಡಿದ. ಅದಕ್ಕೇ ಆ ಪುಟ್ಟ ಮನುಷ್ಯನಿಗೆ ಮೈಭಾರ ಇದೆ ಅನ್ನಿಸುತ್ತದೆ. ಓಡುತ್ತ ಬಂದು ತಟ್ಟನೆ ನಿಲ್ಲಲು ಆಗುವುದಿಲ್ಲ, ಒಂದು ಹೆಜ್ಜೆ ಜಾರುತ್ತಾನೆ. ಅದರಲ್ಲಿ ಎಷ್ಟು ಸಲ ಬೇಕಾದರೂ ಸಾಯಬಹುದು, ಲೆವೆಲ್ಲಿನ ಆರಂಭಕ್ಕೆ ಬರುತ್ತೀರಿ. ಆದರೆ ಇಡೀ ಆಟಕ್ಕೆ 60 ನಿಮಿಷ, ಆ ಗಡಿಯಾರ ಹಿಂದಕ್ಕೆ ಹೋಗುವುದಿಲ್ಲ. ಸೋಲಿಗೆ ಬೆಲೆ ಇದೆ, ಆ ಬೆಲೆ ಎಷ್ಟೆಂದು ಮೊದಲೇ ಹೇಳಿರುತ್ತಾರೆ. ಇಂಥ ಕರಾರು ನನಗೆ ಒಪ್ಪಿಗೆ.

ಈಗ ಸೈಬರ್ ಕೆಫೆಗಳ ಕಾಲಕ್ಕೆ ಬರೋಣ. ತೀನ್ ಕಂದೀಲ್ ಕಡೆ, ಸ್ಟೇಷನ್ ರೋಡಿನ ಕಡೆ ಆಡಿದವರು ಇಲ್ಲಿ ಇದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತದೆ. ವೈಸ್ ಸಿಟಿ ಆಡದವರು ಆಗ ಯಾರಿದ್ದರು? 2002ರ ಆಟ, 1986ರಲ್ಲಿ ನಡೆಯುವ ಗ್ಯಾಂಗ್‌ಸ್ಟರ್ ಕಥೆ, ಮಯಾಮಿಯನ್ನು ಹೋಲುವ ಊರು. ಮೊದಲು ಪಾಲಕರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಅದು ದೊಡ್ಡವರ ಆಟ, ಡಬ್ಬಿಯ ಮೇಲೇ ಹಾಗೆ ಬರೆದಿದೆ. ನಾವು ಶಾಲೆಯ ಅಂಗಿಯಲ್ಲೇ ಅದನ್ನು ಆಡಿದೆವು ಎಂಬ ಕಾರಣಕ್ಕೆ ನಿಮ್ಮ ಐದನೇ ತರಗತಿಯ ಮಗನಿಗೆ ಕೊಡಬೇಡಿ. ದೊಡ್ಡವನಾದ ಮೇಲೆ ಆಡಲಿ, ಆಟ ಎಲ್ಲಿಗೂ ಓಡಿ ಹೋಗುವುದಿಲ್ಲ.

ಆ ಊರು ನನಗೆ ಬಹಳ ಇಷ್ಟ. ಕಾರು ಹತ್ತಿ ರೇಡಿಯೊ ಹಚ್ಚಿ ಸಮುದ್ರದ ದಂಡೆಗೆ ಸುಮ್ಮನೆ ಓಡಾಡಿದ ಸುಖ ಬೇರೆ ಯಾವ ಆಟ ಕೊಟ್ಟಿರಲಿಲ್ಲ. ಆದರೆ ಅದರ ಮಿಷನ್ನುಗಳ, ಅಂದರೆ ಆಟ ಒಪ್ಪಿಸುವ ಕೆಲಸಗಳ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಮೆದುವಲ್ಲ. ಡೆಮಾಲಿಷನ್ ಮ್ಯಾನ್ ನೆನಪಿದೆಯಾ? ಹಿಂದೆ ಯಾರೋ ಉಸಿರು ಬಿಟ್ಟಿರಿ, ಅವರಿಗೆ ನೆನಪಿದೆ. ಆಟಿಕೆ ಹೆಲಿಕಾಪ್ಟರ್, ಕಟ್ಟುತ್ತಿರುವ ಕಟ್ಟಡ, ನಾಲ್ಕು ಬಾಂಬು, ಮೇಲೆ ಗಡಿಯಾರ. ಕಂಪ್ಯೂಟರಿನಲ್ಲಿ ಅದನ್ನು ಹಾರಿಸಲು ನಂಬರ್ ಪ್ಯಾಡ್ ಬೇಕು, ಬೆರಳು ಎಲ್ಲಿಡಬೇಕೆಂದು ಆಟ ಸರಿಯಾಗಿ ಕಲಿಸಿಯೇ ಇರುವುದಿಲ್ಲ. ಅಲ್ಲಿವರೆಗೆ ಬಂದೂಕು, ಕಾರು ಕಲಿಸಿದ ಆಟ, ಇದ್ದಕ್ಕಿದ್ದ ಹಾಗೆ ಕಲಿಸದ ವಿದ್ಯೆಯಲ್ಲಿ ಪರೀಕ್ಷೆ ಇಡುತ್ತದೆ. ಇಲ್ಲಿ ಸೋತಾಗ ನನಗೆ ತಿಳಿಯುತ್ತಿದ್ದದ್ದು ಒಂದೇ, ಹೆಲಿಕಾಪ್ಟರ್ ನನ್ನ ಮಾತು ಕೇಳಲಿಲ್ಲ ಎಂದು. ಮೊದಲ ಬಾಂಬು ಎತ್ತುವವರೆಗೆ ಗಡಿಯಾರ ಶುರುವಾಗುವುದಿಲ್ಲ, ಅಷ್ಟರೊಳಗೆ ಅಲ್ಲಿರುವವರನ್ನು ಕೆಡವಿ ದಾರಿ ತೆರವು ಮಾಡಿಕೊಳ್ಳಬಹುದು ಎನ್ನುವ ಉಪಾಯವನ್ನು ಆಟ ಹೇಳಲಿಲ್ಲ, ಪಕ್ಕದ ಕುರ್ಚಿಯ ಹುಡುಗರು ಹೇಳಿದರು. ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತ ಹುಡುಗನಿಗೆ ಆ ಒಂದು ಮಿಷನ್ ಎಷ್ಟು ದುಬಾರಿಯಾಗಿತ್ತು ಎಂದು ಆ ಆಟ ಮಾಡಿದವರಿಗೆ ತಿಳಿದಿರಲಿಕ್ಕಿಲ್ಲ. ಜೊತೆಗೆ ಕರೆಂಟು. ಸೇವ್ ಮಾಡಲು ಮನೆಯವರೆಗೆ ಗಾಡಿ ಓಡಿಸಿಕೊಂಡು ಹೋಗಬೇಕಾದ ಆಟವನ್ನು ಕರೆಂಟು ಹೋಗುವ ಊರಿನಲ್ಲಿ ಆಡುವುದೆಂದರೆ ಅದು ಬೇರೆಯದೇ ತಾಳ್ಮೆ.

ಎರಡು ತಂಡಗಳು ಬಂದೂಕು ಹಿಡಿದು ಕಾದಾಡುವ ಕೌಂಟರ್ ಸ್ಟ್ರೈಕ್ 1.6 ಇದಕ್ಕೆ ತದ್ವಿರುದ್ಧ. ಅದರಲ್ಲಿ ಸತ್ತರೆ ಆ ಸುತ್ತು ಮುಗಿಯುವವರೆಗೆ ಎದ್ದೇಳುವ ಹಾಗಿಲ್ಲ. ಸುಮ್ಮನೆ ನೋಡಬೇಕು. ಆ ನೋಡುವುದೇ ಪಾಠ. ಡಸ್ಟ್ 2 ನಕ್ಷೆಯಲ್ಲಿ ಎಲ್ಲಿ ನಿಂತರೆ ಯಾರು ಕಾಣುತ್ತಾರೆ, ಹೆಜ್ಜೆ ಸಪ್ಪಳ ಎಲ್ಲಿಂದ ಬಂತು, ದುಡ್ಡಿಲ್ಲದ ಸುತ್ತಿನಲ್ಲಿ ಬಂದೂಕು ಕೊಳ್ಳದೆ ಹೇಗೆ ಉಳಿಸಿಕೊಳ್ಳಬೇಕು, ಇದೆಲ್ಲ ನಾನು ಕಲಿತದ್ದು ಸತ್ತು ಕೂತಾಗ. ಮೊದಲು ಅದು ಹಾಫ್ ಲೈಫ್ ಎಂಬ ಆಟಕ್ಕೆ ಇಬ್ಬರು ಆಟಗಾರರು 1999ರಲ್ಲಿ ಮಾಡಿದ ಮಾರ್ಪಾಡು, ಹಾಫ್ ಲೈಫ್ ಮಾಡಿದ ಕಂಪನಿ ಅದನ್ನು ಕೊಂಡುಕೊಂಡದ್ದು ಆಮೇಲೆ. ಆಟಗಾರರು ಮಾಡಿದ್ದು ಎಂಬುದು ಅದರ ಪ್ರತಿ ಮೂಲೆಯಲ್ಲೂ ಕಾಣುತ್ತದೆ. ನನ್ನ ಬೇಸರ ಒಂದೇ: ಆ ಸೈಬರುಗಳು ಹುಡುಗರದ್ದೇ ಜಾಗವಾಗಿದ್ದವು. ನಮ್ಮ ಓಣಿಯ ಹುಡುಗಿಯರು ಒಳಗೆ ಕಾಲಿಡುವ ಹಾಗಿರಲಿಲ್ಲ. ಕೈಗೆ ಮೊಬೈಲ್ ಬಂದ ಮೇಲೆಯೇ ಅವರು ಆಡಲು ಶುರು ಮಾಡಿದ್ದು, ಮೊಬೈಲಿನ ಬಗ್ಗೆ ನಾನು ಮುಂದೆ ಎಷ್ಟು ಕಟುವಾಗಿ ಮಾತಾಡಿದರೂ ಈ ಒಂದು ಉಪಕಾರವನ್ನು ಮರೆಯುವುದಿಲ್ಲ.

ಕ್ರಿಕೆಟ್ 07 ಬಗ್ಗೆಯೂ ಕೇಳುತ್ತೀರಿ, ಗೊತ್ತು. ಆಟ ಸಾಧಾರಣ. ಕಂಪ್ಯೂಟರಿನ ಫೀಲ್ಡಿಂಗು ಒಂದೇ ಥರ, ಒಂದೆರಡು ಹೊಡೆತ ಕಲಿತರೆ ಓವರಿಗೆ ಆರು ಸಿಕ್ಸರು. ಸೋಲೇ ಇಲ್ಲದ ಮೇಲೆ ಕಲಿಯಲು ಏನುಳಿಯಿತು? ನಮ್ಮ ತಂಡದ ಆಟಗಾರರ ನಿಜವಾದ ಹೆಸರೂ ಅದರಲ್ಲಿ ಇರಲಿಲ್ಲ. ಆದರೂ ಅದು ಇವತ್ತಿಗೂ ಬದುಕಿದೆ ಅಂದರೆ ಅಭಿಮಾನಿಗಳು ವರ್ಷ ವರ್ಷ ಹೊಸ ಹೆಸರು, ಹೊಸ ಜೆರ್ಸಿ, ಹೊಸ ಮೈದಾನ ಸೇರಿಸುವ ಪ್ಯಾಚ್ ಎಂಬ ತಿದ್ದುಪಡಿ ಫೈಲುಗಳನ್ನು ಮಾಡಿ ಹಂಚಿದ್ದರಿಂದ. ಆ ಗೌರವ ಅವರದು.

ಈಗ ನಾನು ಅತ್ಯಂತ ಮೆಚ್ಚುವ ಎರಡು ಆಟಗಳ ಮಾತು. ಒಂದು ಎಲ್ಡನ್ ರಿಂಗ್, 2022ರದು, ಜಪಾನಿನ ಫ್ರಮ್ ಸಾಫ್ಟ್‌ವೇರ್‌ನ ಹಿದೆತಾಕಾ ಮಿಯಾಜಾಕಿ ತಂಡದ್ದು. ಇನ್ನೊಂದು ಸೆಲೆಸ್ಟ್, 2018ರದು, ಸಣ್ಣ ತಂಡ ಮಾಡಿದ ಸಣ್ಣ ಆಟ. ಎರಡೂ ಬಹಳ ಕಷ್ಟ. ಎರಡರಲ್ಲೂ ಸಾಯುತ್ತಲೇ ಇರುತ್ತೀರಿ.

ಎಲ್ಡನ್ ರಿಂಗ್‌ನಲ್ಲಿ ಮೊದಮೊದಲು ಸಿಗುವ ದೊಡ್ಡ ಬಾಸ್, ಅಂದರೆ ದಾರಿ ಕಟ್ಟಿ ನಿಲ್ಲುವ ಬಲಶಾಲಿ ಶತ್ರು, ಮಾರ್ಗಿಟ್. ಅವನು ಕೋಲು ಎತ್ತುತ್ತಾನೆ, ಎತ್ತಿದವನು ತಕ್ಷಣ ಹೊಡೆಯುವುದಿಲ್ಲ. ಬೇರೆ ಆಟಗಳಲ್ಲಿ ಶತ್ರು ಕೈ ಎತ್ತಿದೊಡನೆ ಉರುಳಿ ತಪ್ಪಿಸಿಕೊಂಡು ಅಭ್ಯಾಸವಾದವರು ಇಲ್ಲಿಯೂ ಉರುಳುತ್ತಾರೆ. ಅವನು ಅಷ್ಟು ಹೊತ್ತು ಕಾದಿದ್ದು, ನೀವು ಉರುಳಿ ಏಳುವ ಹೊತ್ತಿಗೆ ಸರಿಯಾಗಿ ಹೊಡೆಯುತ್ತಾನೆ. ಗಾಬರಿಯೇ ನಿಮ್ಮ ತಪ್ಪು ಎಂದು ಆ ಹೊಡೆತ ಹೇಳುತ್ತದೆ. ಉತ್ತರಪತ್ರಿಕೆಯಲ್ಲಿ ತಪ್ಪಿದ ಜಾಗಕ್ಕೇ ಕೆಂಪು ಗೆರೆ ಎಳೆದು ಕೊಡುವ ಮೇಷ್ಟ್ರ ಹಾಗೆ. ಸತ್ತರೆ ನೀವು ಗಳಿಸಿದ ರೂನ್‌ಗಳು, ಅಂದರೆ ಆ ಆಟದ ದುಡ್ಡು, ಸತ್ತ ಜಾಗದಲ್ಲೇ ಬಿದ್ದಿರುತ್ತವೆ. ಹೋಗಿ ಎತ್ತಿಕೊಳ್ಳಬಹುದು. ಎತ್ತಿಕೊಳ್ಳುವ ಮೊದಲೇ ಇನ್ನೊಮ್ಮೆ ಸತ್ತರೆ ಹೋದವು. ಕಟ್ಟುನಿಟ್ಟು, ಆದರೆ ಕ್ರೂರವಲ್ಲ. ಬಾಸಿನ ಬಾಗಿಲ ಹತ್ತಿರವೇ ಮತ್ತೆ ಏಳುವ ಕಂಬ ಇಟ್ಟಿದ್ದಾರೆ, ಇದೇ ತಂಡದ ಹಳೆಯ ಆಟ ಡಾರ್ಕ್ ಸೋಲ್ಸ್‌ನ ಹಾಗೆ ದೂರದಿಂದ ಓಡಿ ಬರಬೇಕಿಲ್ಲ. ಮಾರ್ಗಿಟ್ ಆಗದಿದ್ದರೆ ಕುದುರೆ ಹತ್ತಿ ಬೇರೆ ದಿಕ್ಕಿಗೆ ಹೋಗಬಹುದು, ನಾಡು ತೆರೆದಿದೆ. ಬಲಿತುಕೊಂಡು ತಿರುಗಿ ಬನ್ನಿ. ಅವನು ಅಲ್ಲೇ ಇರುತ್ತಾನೆ. ಆದರೆ ಅದರ ಕೊನೆಯ ಭಾಗ ನನಗೆ ಸೇರಲಿಲ್ಲ. ಅಲ್ಲಿ ಶತ್ರುವಿನ ಹೊಡೆತ ಎಷ್ಟು ಜೋರಾಗುತ್ತದೆಂದರೆ ತಪ್ಪು ಏನೆಂದು ನೋಡುವುದರೊಳಗೆ ಕಥೆ ಮುಗಿದಿರುತ್ತದೆ. ಪಾಠ ಹೇಳುತ್ತಿದ್ದವರು ಅಲ್ಲಿ ಬರೀ ಹೊಡೆಯುತ್ತಾರೆ.

ಸೆಲೆಸ್ಟ್ ಒಬ್ಬ ಹುಡುಗಿ ಬೆಟ್ಟ ಹತ್ತುವ ಕಥೆ. ಅವಳಿಗೆ ಮನಸ್ಸಿನ ತಳಮಳವಿದೆ, ಎದೆ ಹಿಡಿದುಕೊಳ್ಳುತ್ತದೆ, ಅದರ ಜೊತೆಗೇ ಹತ್ತುತ್ತಾಳೆ. ಆಟವನ್ನು ಸಣ್ಣ ಸಣ್ಣ ಕೋಣೆಗಳಾಗಿ ಮಾಡಿದ್ದಾರೆ. ಬಿದ್ದರೆ ರೆಪ್ಪೆ ಬಡಿಯುವುದರೊಳಗೆ ಅದೇ ಕೋಣೆಯ ಆರಂಭದಲ್ಲಿ ನಿಂತಿರುತ್ತೀರಿ. ಎಷ್ಟು ಸಲ ಸತ್ತಿರಿ ಎಂಬ ಲೆಕ್ಕವನ್ನೂ ತೋರಿಸುತ್ತಾರೆ, ಜೊತೆಗೆ ಆ ಸಂಖ್ಯೆಯ ಬಗ್ಗೆ ಹೆಮ್ಮೆಪಡಿ ಎಂದು ಆಟದೊಳಗಿನ ಒಂದು ಕಾರ್ಡು ಹೇಳುತ್ತದೆ. ತೀರಾ ಆಗದವರಿಗೆ ಸಹಾಯದ ಮೋಡ್ ಇದೆ: ಆಟದ ವೇಗ ಇಳಿಸಿಕೊಳ್ಳಬಹುದು, ಸಾವೇ ಇಲ್ಲದ ಹಾಗೂ ಮಾಡಿಕೊಳ್ಳಬಹುದು. ಬೆರಳು ಸರಿಯಾಗಿ ಆಡದವರೂ ಬೆಟ್ಟದ ತುದಿ ನೋಡಬಹುದು. ಹಶಿಮೊಟೊ ಇಟ್ಟಂಥದ್ದೇ ಬಾಗಿಲು, ಇದೂ ಪುಕ್ಕಟೆ. ಸೋತು ಮನಸ್ಸು ಕುಗ್ಗಿದ ಯಾವ ಹುಡುಗ ಹುಡುಗಿ ಬಂದು ಕೇಳಿದರೂ ನಾನು ಈ ಆಟದ ಹೆಸರು ಹೇಳುತ್ತೇನೆ.

ಇಲ್ಲಿ ನಮ್ಮೂರಿನ ಒಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಲ್ಯಾಪ್‌ಟಾಪಿನ ಪ್ರೊಸೆಸರ್ ಕಾದು ನೂರರ ಹತ್ತಿರ ಹೋದರೆ ಅದು ಸುಟ್ಟುಹೋಗದಿರಲೆಂದು ತಾನೇ ವೇಗ ಇಳಿಸುತ್ತದೆ. ಆಟ ತಡವರಿಸುತ್ತದೆ, ಒತ್ತಿದ್ದು ತಡವಾಗಿ ತಲುಪುತ್ತದೆ, ನೀವು ಸೋಲುತ್ತೀರಿ. ಆ ಸೋಲು ನಿಮ್ಮದೂ ಅಲ್ಲ, ಆಟದ್ದೂ ಅಲ್ಲ. ಹಾಸಿಗೆಯ ಮೇಲೆ ಇಟ್ಟು ಆಡಬೇಡಿ, ಗಾಳಿ ಹೋಗುವ ಕಿಂಡಿ ಮುಚ್ಚುತ್ತದೆ. ಹಿಂಬದಿಯನ್ನು ಎತ್ತರಿಸಿ ಇಡಿ, ಆಟದ ಸೆಟ್ಟಿಂಗಿನಲ್ಲಿ ಫ್ರೇಮುಗಳನ್ನು, ಅಂದರೆ ಸೆಕೆಂಡಿಗೆ ತೋರಿಸುವ ಚಿತ್ರಗಳನ್ನು, 30ಕ್ಕೆ ಕಟ್ಟಿಹಾಕಿ. ಕಷ್ಟದ ಬಾಸುಗಳನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ.

ರೆಡ್ ಡೆಡ್ ರಿಡೆಂಪ್ಷನ್ 2 ಬಗ್ಗೆ ನನ್ನ ಗೆಳೆಯರಿಗೂ ನನಗೂ ಜಗಳ ಇದೆ. 2018ರ ಆಟ, 1899ರ ಅಮೆರಿಕ. ಕಂಪ್ಯೂಟರಿನಲ್ಲಿ 150 ಜಿಬಿ ಜಾಗ ಕೇಳುತ್ತದೆ. ದಿನಕ್ಕೆ ಒಂದೂವರೆ ಜಿಬಿ ಮೊಬೈಲ್ ಡೇಟಾ ಇರುವವರು ಇಳಿಸಿಕೊಳ್ಳಲು 100 ದಿನ ಬೇಕು. ಇಳಿಸಿಕೊಳ್ಳಲು ತಕ್ಕದ್ದೇ? ಹೌದು. ಆ ಕಾಡು, ಆ ಹಿಮ, ಮೈ ತಿಕ್ಕಿ ಮೇವು ಕೊಟ್ಟಷ್ಟೂ ಹತ್ತಿರವಾಗುವ ಕುದುರೆ, ಆರ್ಥರ್ ಮಾರ್ಗನ್ ಎಂಬ ಮನುಷ್ಯ, ಇಷ್ಟು ಆಳವಾಗಿ ಬರೆದ ಪಾತ್ರ ಗೇಮುಗಳಲ್ಲಿ ಕಡಿಮೆ. ಆದರೆ ಮಿಷನ್ ಶುರುವಾದರೆ ಅದೇ ಆಟ ಬೇರೆಯಾಗುತ್ತದೆ. ಹೇಳಿದ ದಾರಿ ಬಿಟ್ಟು ಪಕ್ಕದಿಂದ ಸುತ್ತಿ ಬಂದು ಶತ್ರುವನ್ನು ಹಿಡಿಯೋಣ ಎಂದು ನಾಲ್ಕು ಹೆಜ್ಜೆ ಆಚೆ ಇಟ್ಟರೆ ಮಿಷನ್ ವಿಫಲ ಎಂದು ಪರದೆ ಮುಚ್ಚುತ್ತದೆ. ಅಷ್ಟು ದೊಡ್ಡ ಬಯಲು ಕೊಟ್ಟು, ಅದರಲ್ಲಿ ನನ್ನ ಬುದ್ಧಿ ಓಡಿಸಿದ್ದಕ್ಕೆ ಸೋಲು ಅನ್ನುತ್ತಾರೆ. ಸೋಲುಗಳಲ್ಲೆಲ್ಲ ನನಗೆ ಹೆಚ್ಚು ಸಿಟ್ಟು ತರಿಸುವುದು ಇದು.

ಇನ್ನು ಮೊಬೈಲಿಗೆ ಬರುತ್ತೇನೆ. ಒಂದೇ ಬಣ್ಣದ ಮಿಠಾಯಿಗಳನ್ನು ಸಾಲುಗೂಡಿಸುವ ಕ್ಯಾಂಡಿ ಕ್ರಶ್ 2012ರದು. ಐದು ಲೈಫು, ಒಂದು ಹೋದರೆ ತಿರುಗಿ ಬರಲು 30 ನಿಮಿಷ. ಕೊನೆಯಲ್ಲಿ ಇನ್ನೇನು ಎರಡು ಚೌಕ ಉಳಿದಿದೆ ಅನ್ನುವಾಗ ಚಾಲುಗಳು ಮುಗಿಯುತ್ತವೆ, ಆಗ ಇನ್ನೈದು ಚಾಲು ಬೇಕೇ ಎಂದು ಬೆಲೆ ಹೇಳುತ್ತದೆ. ಮೇಲಿನಿಂದ ಯಾವ ಬಣ್ಣದ ಮಿಠಾಯಿ ಬೀಳುತ್ತದೆ ಎನ್ನುವುದು ನಿಮ್ಮ ಕೈಯಲ್ಲಿಲ್ಲ. ಎಷ್ಟೋ ಸಲ ನೀವು ಚೆನ್ನಾಗಿಯೇ ಆಡಿ ಸೋಲುತ್ತೀರಿ, ಕಲಿಯಲು ಅದರಲ್ಲಿ ಏನೂ ಇರುವುದಿಲ್ಲ, ಕೊಳ್ಳಲು ಮಾತ್ರ ಇರುತ್ತದೆ. ಆ ಆಟ ಮಾಡಿದ ಕಿಂಗ್ ಕಂಪನಿಯನ್ನು 2016ರಲ್ಲಿ 590 ಕೋಟಿ ಡಾಲರಿಗೆ ಇನ್ನೊಂದು ಕಂಪನಿ ಕೊಂಡಿತು. ಆಡುವವರಲ್ಲಿ ಹೆಚ್ಚಿನವರು ಒಂದು ಪೈಸೆಯನ್ನೂ ಕೊಡದ ಆಟಕ್ಕೆ ಅಷ್ಟು ಬೆಲೆ ಬಂದದ್ದು ಆ ಸೋಲಿನ ಕ್ಷಣವನ್ನು ಮಾರಲು ಕಲಿತಿದ್ದರಿಂದ. ಅವ್ವಂದಿರು, ಅತ್ತೆಯಂದಿರು ಮಧ್ಯಾಹ್ನ ಆಡುತ್ತಾರೆ, ಆಡಲಿ, ಅವರಿಗೂ ಬಿಡುವು ಬೇಕು. ನನ್ನ ತಕರಾರು ಆಡುವವರ ಮೇಲೆ ಇಲ್ಲ.

ಪಬ್ಜಿ ಬಗ್ಗೆ ಪಾಲಕರು ಕೇಳಿಯೇ ಕೇಳುತ್ತೀರಿ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್ಜಿ ಮೊಬೈಲನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರ ಜುಲೈನಲ್ಲಿ ಮತ್ತೆ ಹೋಯಿತು, 2023ರಲ್ಲಿ ಮತ್ತೆ ಬಂತು. ಆಟವಾಗಿ ಅದು ಒಳ್ಳೆಯ ಆಟ, ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಎಂಟು ಕಿಲೋಮೀಟರ್ ಉದ್ದಗಲದ ದ್ವೀಪ, ನೂರು ಜನ, ಕಿರಿದಾಗುತ್ತ ಬರುವ ವೃತ್ತ. ಎಲ್ಲಿ ಇಳಿಯಬೇಕು, ಯಾವಾಗ ಸರಿಯಬೇಕು, ಬಿದ್ದ ಗೆಳೆಯನನ್ನು ಎಬ್ಬಿಸಲು ಹೋಗಬೇಕೋ ಬೇಡವೋ ಎಂದು ನಾಲ್ವರು ಕೂಡಿ ನಿರ್ಧಾರ ಮಾಡುವುದು ನಿಜವಾದ ಕೌಶಲ. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಜನ ಸೋಲುವುದೇ ಅದರ ನಿಯಮ, ಹಾಗಾಗಿ ಸೋಲಿನಲ್ಲಿ ಅವಮಾನವಿಲ್ಲ. ಆದರೆ ಕೆಳಗಿನ ದರ್ಜೆಯ ಪಂದ್ಯಗಳಲ್ಲಿ ಬಾಟ್‌ಗಳನ್ನು, ಅಂದರೆ ಕಂಪ್ಯೂಟರ್ ಆಡಿಸುವ ಆಟಗಾರರನ್ನು ತುಂಬಿ ನಮ್ಮ ಹುಡುಗರಿಗೆ ತಾವು ಶೂರರು ಅನ್ನಿಸುವ ಹಾಗೆ ಮಾಡುವುದು ನನಗೆ ಸೇರುವುದಿಲ್ಲ. ಯುಸಿ ಎಂಬ ಆಟದ ನಾಣ್ಯವನ್ನು ನಿಜವಾದ ದುಡ್ಡಿಗೆ ಕೊಂಡು ಪೆಟ್ಟಿಗೆ ತೆರೆದು ಏನು ಬರುತ್ತದೋ ನೋಡುವ ವ್ಯವಸ್ಥೆಯಂತೂ ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಇಂಥ ಪೆಟ್ಟಿಗೆಗಳು ಜೂಜೇ ಎಂದು ಬೆಲ್ಜಿಯಂ 2018ರಲ್ಲೇ ಹೇಳಿತು. ಅಂಗಿಯ ಬಣ್ಣಕ್ಕೆ ದುಡ್ಡು ಕೊಡುವುದು ಬೇರೆ, ಬರಬಹುದೋ ಏನೋ ಎಂಬ ಆಸೆಗೆ ಕೊಡುವುದು ಬೇರೆ. 2023ರಲ್ಲಿ ಆಟ ಮರಳಿ ಬಂದಾಗ 18ರ ಒಳಗಿನವರಿಗೆ ದಿನಕ್ಕೆ ಮೂರು ತಾಸು, ದೊಡ್ಡವರಿಗೆ ಆರು ತಾಸಿನ ಮಿತಿ ಹಾಕಿದ್ದರು. ಮಿತಿ ಒಳ್ಳೆಯದೇ. ಆದರೆ ಮಗ ಅಪ್ಪನ ವಯಸ್ಸು ಹಾಕಿ ಲಾಗಿನ್ ಆದರೆ ಯಾವ ಮಿತಿಯೂ ತಡೆಯುವುದಿಲ್ಲ. ಅದಕ್ಕೆ ಪಾಲಕರು ಪಕ್ಕದಲ್ಲಿ ಕೂತು ಒಂದು ಪಂದ್ಯ ನೋಡಬೇಕು. ನೋಡಿದರೆ ಮಗನ ಹತ್ತಿರ ಮಾತಾಡಲು ವಿಷಯವೂ ಸಿಗುತ್ತದೆ.

ರಮ್ಮಿ, ಬೆಟ್ಟಿಂಗು, ದುಡ್ಡು ಹಾಕಿ ತಂಡ ಕಟ್ಟುವ ಆ್ಯಪುಗಳು ನನ್ನ ಲೆಕ್ಕದಲ್ಲಿ ಆಟಗಳೇ ಅಲ್ಲ. ಸೋತಾಗ ಅಲ್ಲಿ ಹೋಗುವುದು ಬ್ಯಾಂಕಿನ ದುಡ್ಡು, ಸೋಲೇ ಅವುಗಳ ವ್ಯಾಪಾರ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ತಡೆಯಲು ನೋಡಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಅದೇ ಕಾನೂನು ಇ-ಸ್ಪೋರ್ಟ್ಸನ್ನು, ಅಂದರೆ ವಿಡಿಯೋ ಗೇಮಿನ ಸ್ಪರ್ಧೆಗಳನ್ನು, ಮಾನ್ಯ ಮಾಡಿತು. ಆ ಗೆರೆಯನ್ನು ಸರಿಯಾದ ಜಾಗದಲ್ಲೇ ಎಳೆದಿದ್ದಾರೆ ಎಂದು ನನಗನ್ನಿಸುತ್ತದೆ. ಗಂಜಿನಲ್ಲಿ ಹತ್ತಿ ಮಾರಿದ ದುಡ್ಡು ಒಂದು ರಾತ್ರಿಯಲ್ಲಿ ಫೋನಿನೊಳಗೆ ಕರಗಿಹೋದ ಮನೆಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆ ಮಾತನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ಹತ್ತಿ ಅಂದ ಮೇಲೆ ಬೇಸಾಯದ ಆಟಗಳ ನೆನಪಾಯಿತು. ಸ್ಟಾರ್‌ಡ್ಯೂ ವ್ಯಾಲಿಯನ್ನು ಎರಿಕ್ ಬರೋನ್ ಎಂಬ ಒಬ್ಬನೇ ನಾಲ್ಕೂವರೆ ವರ್ಷ ಕೂತು ಮಾಡಿದ. ಚಿತ್ರ, ಸಂಗೀತ, ಕಥೆ, ಪ್ರೋಗ್ರಾಮ್ ಎಲ್ಲ ಅವನದೇ. 2016ರಲ್ಲಿ ಬಂತು. ಅಜ್ಜನ ಹಾಳುಬಿದ್ದ ಹೊಲಕ್ಕೆ ಪಟ್ಟಣದಿಂದ ಮರಳುವ ಕಥೆ. ಅದರಲ್ಲಿ ನೀವು ಸೋಲುವುದೇ ಇಲ್ಲ ಅನ್ನಬಹುದು. ಋತು ಬದಲಾದರೆ ಬೆಳೆ ಒಣಗುತ್ತದೆ, ರಾತ್ರಿ ಎರಡರವರೆಗೆ ಮಲಗದಿದ್ದರೆ ಬಿದ್ದುಬಿಡುತ್ತೀರಿ, ಅಷ್ಟೇ. ದಣಿದ ದಿನ ನನಗೆ ಅದು ಬೇಕೇ ಬೇಕು. ಆದರೆ ಅದರಲ್ಲಿ ಒಂದು ಸಂಗತಿ ನನ್ನನ್ನು ಪ್ರತಿ ಸಲ ತಡೆದು ನಿಲ್ಲಿಸುತ್ತದೆ: ಅಲ್ಲಿ ಧಾರಣಿ ಬೀಳುವುದಿಲ್ಲ. ಒಂದು ಗಡ್ಡೆ ಮಾರಿದರೂ ಸಾವಿರ ಮಾರಿದರೂ ಅದೇ ಬೆಲೆ. ಎಲ್ಲರ ಹೊಲದಲ್ಲೂ ಒಂದೇ ಸಲ ಮೆಣಸಿನಕಾಯಿ ಬಂದು, ಆವಕ ಏರಿ, ಕ್ವಿಂಟಲಿನ ಬೆಲೆ ಇಳಿಯುವುದನ್ನು ದಿನಾ ಖಾತೆಯಲ್ಲಿ ಬರೆಯುವವನಿಗೆ ಅದು ಕನಸಿನ ಊರು. ಫಾರ್ಮಿಂಗ್ ಸಿಮ್ಯುಲೇಟರ್‌ನಲ್ಲಿ ಇದು ಸ್ವಲ್ಪ ಮಟ್ಟಿಗೆ ಇದೆ. ಒಂದೇ ಕಡೆ ಒಯ್ದು ಸುರಿದರೆ ಅಲ್ಲಿ ಬೆಲೆ ಇಳಿಯುತ್ತದೆ, ಬೇರೆ ಕಡೆ ಒಯ್ಯಬೇಕು, ಅಥವಾ ಕೂಡಿಟ್ಟು ಕಾಯಬೇಕು. 2024ರಲ್ಲಿ ಬಂದ ಫಾರ್ಮಿಂಗ್ ಸಿಮ್ಯುಲೇಟರ್ 25 ಎಂಬ ಆವೃತ್ತಿಯಲ್ಲಿ ನೀರು ನಿಲ್ಲಿಸಿ ಭತ್ತ ಬೆಳೆಯುವುದೂ ಸೇರಿದೆ. ಸಿಂಧನೂರಿನ ನನ್ನ ಗೆಳೆಯನಿಗೆ ತೋರಿಸಿದೆ. ಅವನು ಸ್ವಲ್ಪ ಹೊತ್ತು ಆಡಿ, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂದು ಕೇಳಿದ. ತುಂಗಭದ್ರಾ ಎಡದಂಡೆಯ ಕೊನೆಯ ಭಾಗದಲ್ಲಿ ಹೊಲ ಇರುವವನ ಪ್ರಶ್ನೆ ಅದು. ಆ ಪ್ರಶ್ನೆಯನ್ನು ಒಳಗಿಟ್ಟುಕೊಂಡ ಬೇಸಾಯದ ಆಟವನ್ನು ನಾನು ಇನ್ನೂ ಆಡಿಲ್ಲ.

ಇದೇ ಕಾರಣಕ್ಕೆ ನಮ್ಮ ನೆಲದ ಆಟಗಳು ಬೇಕು ಅನ್ನುತ್ತೇನೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ರಾಜಿ ಎಂಬ ಆಟ ಮಾಡಿತು. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕುವ ಅಕ್ಕನ ಕಥೆ. ನೋಡಲು ಎರಡು ಕಣ್ಣು ಸಾಲದು. ಆದರೆ ಕ್ಯಾಮೆರಾ ದೂರದಲ್ಲಿ ನಿಂತಿರುವುದರಿಂದ ಜಿಗಿಯುವಾಗ ಅಂಚು ಎಲ್ಲಿದೆ ಎಂದು ತಿಳಿಯದೆ ಬೀಳುತ್ತೀರಿ, ಆ ಬೀಳುವುದು ಆಟಗಾರನ ತಪ್ಪಲ್ಲ. ನಮ್ಮವರ ಆಟ ಎಂಬ ಕಾರಣಕ್ಕೆ ಇದನ್ನು ನಾನು ಮುಚ್ಚಿಡುವುದಿಲ್ಲ. ಅದರ ಕಥೆಯ ಭಾಗಗಳನ್ನು ನೆರಳುಗೊಂಬೆಯಾಟದ ರೀತಿಯಲ್ಲಿ ತೋರಿಸಿದ್ದಾರೆ. ಅದನ್ನು ನೋಡುವಾಗ ನನಗೆ ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳ ನೆನಪಾಯಿತು. ಅಲ್ಲಿನ ತೊಗಲುಗೊಂಬೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆ ಗೊಂಬೆಗಳ ಕೈಕಾಲು ಕೀಲುಗಳು ಬಿಡಿಬಿಡಿಯಾಗಿ ಅಲ್ಲಾಡುತ್ತವೆ. ಎರಡು ಆಯಾಮದ ಗೇಮಿನಲ್ಲಿ ಪಾತ್ರವನ್ನು ಆಡಿಸುವುದೂ ಬಿಡಿ ಬಿಡಿ ಅಂಗಗಳನ್ನು ಕೀಲಿಗೆ ಕಟ್ಟಿಯೇ. ಇದನ್ನು ಇಲ್ಲಿರುವ ಕಂಪ್ಯೂಟರ್ ವಿದ್ಯಾರ್ಥಿಗಳು ಹೋಗಿ ನೋಡಬೇಕು.

ಮತ್ತೆ ನಮ್ಮ ಕೋಟೆ. 1520ರಲ್ಲಿ ಕೃಷ್ಣದೇವರಾಯನಿಗೂ ವಿಜಯಪುರದ ಇಸ್ಮಾಯಿಲ್ ಆದಿಲ್ ಶಾಗೂ ಇದೇ ರಾಯಚೂರಿಗಾಗಿ ಯುದ್ಧ ನಡೆಯಿತು. ಪೋರ್ಚುಗೀಸ್ ನೂನಿಜ್ ಅದನ್ನು ವಿವರವಾಗಿ ಬರೆದಿದ್ದಾನೆ. ಆದಿಲ್ ಶಾ ಕೃಷ್ಣೆ ದಾಟಿ ಬಂದ, ನದಿ ಬೆನ್ನಿಗಿತ್ತು. ಅವನ ಫಿರಂಗಿಗಳು ಒಮ್ಮೆಗೇ ಹಾರಿ ರಾಯನ ಮುಂದಿನ ಸಾಲು ಚೆದುರಿತು. ರಾಯ ಹಿಂದಿನ ಸಾಲಿನೊಂದಿಗೆ ನುಗ್ಗಿದ, ಎದುರಿನವರು ನದಿಯವರೆಗೆ ಓಡಬೇಕಾಯಿತು. ಇದನ್ನು ನಾನು ಆದಿಲ್ ಶಾನ ಕಡೆಯಿಂದ ಆಡಬೇಕು. ಸೋಲಬೇಕು. ಎಲ್ಲ ಫಿರಂಗಿ ಒಟ್ಟಿಗೆ ಹಾರಿಸಿದ್ದು ತಪ್ಪೋ, ನದಿ ದಾಟಿದ್ದೇ ತಪ್ಪೋ ಎಂದು ತಿರುಗಿ ತಿರುಗಿ ಆಡಿ ತಿಳಿಯಬೇಕು. ಆ ಇತಿಹಾಸ ಯಾವ ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಲ್ಲೂ ನನಗೆ ಹಾಗೆ ತಿಳಿಯಲಿಲ್ಲ. ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ನಲವತ್ತು ಅಡಿಗಿಂತ ಉದ್ದದ ಕಲ್ಲು ಇದೆಯಲ್ಲ, ಅದನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಆ ಕಲ್ಲನ್ನು ತರುವುದೇ ಒಂದು ಲೆವೆಲ್ ಆಗಬಹುದು.

ಗೋಡೋ ಎಂಬ ಗೇಮ್ ಎಂಜಿನ್, ಅಂದರೆ ಗೇಮ್ ಮಾಡುವ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ, ಅದರಲ್ಲಿ ಮಾಡಿ ಮಾರಿದರೂ ಅವರಿಗೆ ಏನೂ ಕೊಡಬೇಕಿಲ್ಲ. 2023ರಲ್ಲಿ ಬಂದ ಅದರ ನಾಲ್ಕನೇ ಆವೃತ್ತಿಯಿಂದ ಕನ್ನಡದ ಒತ್ತಕ್ಷರಗಳನ್ನೂ ಸರಿಯಾಗಿ ಜೋಡಿಸುವ ವ್ಯವಸ್ಥೆ ಬಂದಿದೆ. ಸಾಧಾರಣ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಮೊದಲಿಗೆ ಒಂದು ನದಿ, ಎರಡು ಸೈನ್ಯ, ಒಂದು ಪರದೆ ಸಾಕು. ನಿಮ್ಮಲ್ಲಿ ಯಾರಾದರೂ ಮಾಡಿದರೆ ಮೊದಲು ನನಗೆ ಕೊಡಿ. ಪೂರ್ತಿ ಆಡುತ್ತೇನೆ, ಎಲ್ಲೆಲ್ಲಿ ಸೋತೆ, ಯಾಕೆ ಸೋತೆ ಎಂದು ಬರೆದು ಕೊಡುತ್ತೇನೆ.